ಕಾಗೆಕಾಲು ಗುಬ್ಬಿಕಾಲು ಟೈಪ್ ಮಾಡಿ ಕನ್ನಡ ಹುಡುಕಿದ ನನ್ನ ಅನುಭವ

ಅಡಿಕೆ ಹುಡುಕಿದೆ, ಫ್ರಾನ್ಸಿನ ದೋಸೆ ಬಂತು. ಶುರುವಾಗಿದ್ದು ಹೀಗೆ.

ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೇ ಆಸ್ಕಿ ಫೈಲನ್ನು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ಫಾಂಟ್ ತೊಡಿಸಿದ ಫೈಲನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಕಾಗೆಕಾಲು ಗುಬ್ಬಿಕಾಲು. ಎಲ್ಲರೂ ಅದನ್ನು ನೋಡಿ ಮುಖ ಸಿಂಡರಿಸಿ ಫೈಲ್ ಮುಚ್ಚುತ್ತಾರೆ. ನಾನು ಆ ಕಾಗೆಕಾಲನ್ನೇ ಬೇಕಂತ ಟೈಪ್ ಮಾಡಿ ಸರ್ಚ್ ಕೊಟ್ಟೆ. ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರಸಂಕೇತ, ಬಳಕೆಗೆ ಬರುವುದಕ್ಕೆ ಮುಂಚೆ ಬರೆದ ಕನ್ನಡ ಇಂಟರ್‌ನೆಟ್ಟಿನಲ್ಲಿ ಇನ್ನೂ ರಾಶಿ ಬಿದ್ದಿದೆ. ಕನ್ನಡದಲ್ಲಿ ಹುಡುಕಿದರೆ ಅದು ಸಿಗಲ್ಲ. ಸರ್ಚ್ ಎಂಜಿನ್ ಪಾಲಿಗೆ ಅದು ಕನ್ನಡವೇ ಅಲ್ಲವಲ್ಲ!

ನುಡಿಯಲ್ಲಿ ‘ಅಡಿಕೆ’ ಅಂದರೆ ಇಂಗ್ಲಿಷಿನ ಸಿ, ಆರ್, ಪಿ, ಆಮೇಲೆ ತಲೆ ಮೇಲೆ ಗೀಟಿರುವ ಇ. ಸರ್ಚ್ ಎಂಜಿನ್ ಆ ಗೀಟನ್ನು ಒರೆಸಿ ಹಾಕಿತು. ಪಾಪ, ಇವನು ‘ಕ್ರೇಪ್’ ಬರೆಯಲು ಹೋಗಿ ತಪ್ಪಿದ್ದಾನೆ ಅಂದುಕೊಂಡಿತು. ತೆಳ್ಳಗೆ ಹುಯ್ದ ಫ್ರೆಂಚ್ ದೋಸೆ, ಮೇಲೆ ಸ್ಟ್ರಾಬೆರಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದು ಕೂತವನಿಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ.

ನನ್ನ ಹಾಗೆ ವೆಬ್ ಕೆಲಸ ಮಾಡುವ ಒಬ್ಬ ಗೆಳೆಯ ಪಕ್ಕದಲ್ಲೇ ಕೂತಿದ್ದ. ‘ಜನ ಗುಜರಿಗೆ ಹಾಕೋದನ್ನ ನೀನು ದುಡ್ಡು ಕೊಟ್ಟು ತರ್ತೀಯಲ್ಲೋ’ ಅಂದ. ಆ ಮಾತು ಸುಳ್ಳಾಗಲಿಲ್ಲ, ಸುಮಾರು ಎರಡು ವರ್ಷ. ಹಳೇ ವೆಬ್ ಹುಚ್ಚು ನನಗೆ ಹಿಡಿದಿದ್ದು ತುಮಕೂರು–ಬೆಂಗಳೂರು ರೈಲಿನಲ್ಲಿ. ಐದು ವರ್ಷ ಓಡಾಡಿದೆ. ನಿಡವಂದದ ಹತ್ತಿರ ಸಿಗ್ನಲ್ ಹೋಗುತ್ತಿತ್ತು. ಅಷ್ಟರೊಳಗೆ ಒಂದು ವಿಚಿತ್ರ ಪುಟ ತೆರೆದಿಟ್ಟುಕೊಂಡರೆ ಯಶವಂತಪುರದವರೆಗೆ ಓದಲಿಕ್ಕಾಗುತ್ತಿತ್ತು. ಈಗ ಊರಲ್ಲೇ ಕೂತು ವೆಬ್ ಸೈಟ್ ಮಾಡಿಕೊಡುತ್ತೇನೆ. ಹುಚ್ಚು ಮಾತ್ರ ಜೊತೆಗೇ ಬಂತು.

ಮೊದಲ ಮೂರು ತಿಂಗಳು ಪೂರ್ತಿ ದಂಡ. ‘ಕನ್ನಡ’ ಅನ್ನುವ ಪದವನ್ನೇ ಕಾಗೆಕಾಲಿನಲ್ಲಿ ಬರೆದು ಹುಡುಕುತ್ತಿದ್ದೆ, ಏನೂ ಬರುತ್ತಿರಲಿಲ್ಲ. ಕಾರಣ ಹೊಳೆದಿದ್ದು ಒಂದು ಸಂಜೆ, ‘ದಿನಪತ್ರಿಕೆ’ ಅನ್ನುವ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ನೋಡಿದಾಗ. ದಿ ಇರುವ ಜಾಗದಲ್ಲಿ ಅಮೆರಿಕದ ಸೆಂಟ್, ¢. ನ ಇರುವ ಜಾಗದಲ್ಲಿ ಬ್ರಿಟಿಷರ ಪೌಂಡ್, £. ಪ ಇರುವಲ್ಲಿ ಜಪಾನಿನ ಯೆನ್, ¥. ಬೇಕಾದರೆ ನೀವೇ ನುಡಿಯಲ್ಲಿ ಟೈಪ್ ಮಾಡಿ ಫಾಂಟ್ ಬದಲಿಸಿ ನೋಡಿ. ನಡುವೆ ಗೀಟಿನ ‘ಎ’ ಬಿಟ್ಟರೆ ಮೂರು ದೇಶದ ದುಡ್ಡು ಸಾಲಾಗಿ ಬರುತ್ತದೆ. ನಮ್ಮ ರೂಪಾಯಿ ಮಾತ್ರ ಇಲ್ಲ. ಅದಕ್ಕೆ ಚಿಹ್ನೆ ಸಿಕ್ಕಿದ್ದೇ 2010ರಲ್ಲಿ. ಇಷ್ಟಕ್ಕೇ ಮುಗಿಯಲಿಲ್ಲ: ಬಿ ಅಂದರೆ ಕಾಪಿರೈಟ್ ಗುರುತು, ©. ಲ ಅಂದರೆ ರಿಜಿಸ್ಟರ್ಡ್ ಟ್ರೇಡ್‌ಮಾರ್ಕ್, ®. ತಿಪಟೂರಿನ ‘ಕೊಬ್ಬರಿ’ಯ ಮಧ್ಯದಲ್ಲಿ ವಕೀಲರು ಕಲಂ ಬರೆಯಲು ಹಾಕುವ §, ಕೊನೆಯಲ್ಲಿ ಒಂಟಿ ‘ಜೆ’.

ನಗುವುದೆಲ್ಲ ಮುಗಿದ ಮೇಲೆ ಅರ್ಥವಾಯಿತು. ಈ ದುಡ್ಡಿನ ಗುರುತುಗಳನ್ನು ಸರ್ಚ್ ಎಂಜಿನ್ ಅಕ್ಷರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಕನ್ನಡ’ದ ಹೊಟ್ಟೆಯಲ್ಲೇ ಪೌಂಡ್ ಇದೆ. ಪದ ಅಲ್ಲೇ ಎರಡು ತುಂಡಾಗುತ್ತಿತ್ತು. ಹಾಗಾದರೆ ಚಿಹ್ನೆ ಇಲ್ಲದ, ಬರೀ ಅಕ್ಷರಗಳಿರುವ ಪದ ಹಿಡಿಯಬೇಕು. ‘ಜಾತ್ರೆ’ ಹಾಗೆ. ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಿಡಿಎಫ್ ಮಾತ್ರ ಕೊಡು ಅಂದೆ. ಮೊದಲ ಪುಟದಲ್ಲೇ ಏಳೋ ಎಂಟೋ ಬಂದವು. ಅವತ್ತು ರಾತ್ರಿ ಊಟ ಮಾಡಲಿಲ್ಲ. ಮ, ವ ಇರುವ ಪದ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ನಮ್ಮೂರಿನ ಹೆಸರೇ ಆ ಗುಂಪಿಗೆ ಸೇರಿದ್ದು ನನ್ನ ಗ್ರಹಚಾರ. ಈಗ ನನ್ನ ಹತ್ತಿರ ಸುಮಾರು ಅರವತ್ತು ‘ಶುದ್ಧ’ ಪದಗಳ ಪಟ್ಟಿ ಇದೆ. ಎರಡನ್ನು ಹೇಳಿಬಿಟ್ಟಿದ್ದೇನೆ. ಉಳಿದದ್ದು ಕೊಡಲ್ಲ, ನೀವೂ ಸ್ವಲ್ಪ ಒದ್ದಾಡಿ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ ಫೈಲುಗಳ ಅಕ್ಷರ ಜೋಡಣೆ ಬೇರೆಯೇ. ಅದಕ್ಕೆ ಕೈ ಹಾಕಲಿಲ್ಲ.

ಏನೇನು ಸಿಕ್ಕಿತು ಅಂತ ಕೇಳಬೇಡಿ. ಕೆರೆ ಹೂಳೆತ್ತುವ ಅಂದಾಜು ಪಟ್ಟಿ ಸಿಕ್ಕಿತು. ಅದರಲ್ಲಿ ಎತ್ತಿನ ಗಾಡಿಗೂ ಒಂದು ದರ. ವಿದೇಶದಲ್ಲಿದ್ದ ಯಾರೋ ಮನೆ ನೆನಪಾಗಿ ಬರೆದ ಹುರುಳಿಕಾಳು ಬಸ್ಸಾರಿನ ವಿಧಾನ ಸಿಕ್ಕಿತು. ಕೊನೆಯಲ್ಲಿ, ‘ಇಲ್ಲಿ ಹುರುಳಿ ಸಿಗುವುದಿಲ್ಲ, ಸುಮ್ನೆ ಬರೆದೆ’ ಎಂದಿತ್ತು. ಜನ ಪುಕ್ಕಟೆ ವೆಬ್ ಪುಟ ಇಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿದಾಗ ಇಂಥವು ಎಷ್ಟು ಹೋದವೋ. ಇಂಟರ್ನೆಟ್ ಆರ್ಕೈವ್ ಸಂಸ್ಥೆ 1996ರಿಂದಲೇ ಪುಟಗಳನ್ನು ಎತ್ತಿಡುತ್ತಾ ಬಂದಿದ್ದರಿಂದ ಕೆಲವು ಅದರ ವೇಬ್ಯಾಕ್ ಮೆಷಿನ್ ಅನ್ನುವ ಉಗ್ರಾಣದಲ್ಲಿ ಉಳಿದಿವೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಒಂದು ಕಚೇರಿಯ ಟೆಂಡರ್ ಪ್ರಕಟಣೆ. ಕಣ್ಣಿಗೆ ಕಾಣುವುದು ಎರಡೇ ಪುಟ. ಆದರೆ ಅಕ್ಷರಗಳನ್ನು ಹೊರಗೆಳೆದಾಗ ಕೆಳಗೆ ಇನ್ನೂ ಐದು ಸಾಲು ಬಂತು. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಟೈಪ್ ಮಾಡಿದ್ದರು. ಪರಿವರ್ತಿಸಿ ಓದಿದರೆ ಟೈಪಿಸ್ಟ್ ತನಗೆ ತಾನೇ ಬರೆದುಕೊಂಡ ಚೀಟಿ: ಎರಡು ಲೀಟರ್ ಸೀಮೆಣ್ಣೆ, ಮಗಳ ಫೀಸು, ಸಾಹೇಬರಿಗೆ ರಜೆ ಕೇಳಬೇಕು. ರಜೆ ಸಿಕ್ಕಿತೋ ಇಲ್ಲವೋ ಅಂತ ನನಗೆ ಇವತ್ತಿಗೂ ಕುತೂಹಲ.

ಹುಡುಕುವುದು ಮಜಾ. ಸಿಕ್ಕಿದ್ದನ್ನು ಯೂನಿಕೋಡಿಗೆ ಪರಿವರ್ತಿಸುವುದು ನರಕ. ರೆಡಿಮೇಡ್ ಕನ್ವರ್ಟರುಗಳಿವೆ, ಗೊತ್ತು. ಶುದ್ಧ ಫೈಲಿಗೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪಿಡಿಎಫ್‌ನಿಂದ ಕಿತ್ತು ತೆಗೆದ ಪಠ್ಯಕ್ಕೆ ಮಾತ್ರ ನನಗೆ ಸರಿಹೋಗಲಿಲ್ಲ. ನಾನೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್ ಬರೆಯಲು ಕೂತೆ. ಮೊದಲ ಆವೃತ್ತಿ ‘ಜಾತ್ರೆ’ಯನ್ನು ‘ಜಾತೆ್ರ’ ಮಾಡಿತು. ಆಸ್ಕಿಯಲ್ಲಿ ಏತ್ವ ಮೊದಲು, ಒತ್ತು ಆಮೇಲೆ. ಯೂನಿಕೋಡಿನಲ್ಲಿ ಉಲ್ಟಾ. ಅದನ್ನು ಸರಿಮಾಡಿದರೆ ಅರ್ಕಾವತ್ತು ಕೈಕೊಟ್ಟಿತು. ಆಸ್ಕಿಯಲ್ಲಿ ಅದು ‘ನಾ’ ಆದಮೇಲೆ ಬಂದು ಕೂರುತ್ತದೆ. ಯೂನಿಕೋಡಿಗೆ ತರುವಾಗ ಅದನ್ನು ಎತ್ತಿ ಇಡೀ ‘ನಾ’ ದಾಟಿಸಿ ಹಿಂದಕ್ಕೆ ಕೂರಿಸಬೇಕು. ಇಲ್ಲದಿದ್ದರೆ ನಮ್ಮ ರಾಜ್ಯದ ಹೆಸರು ‘ಕನಾರ್ಟಕ’ ಆಗುತ್ತದೆ. ವರ್ಷ ‘ವಷರ್’, ಧರ್ಮ ‘ಧಮರ್’. ಸುಮ್ನೆ ಒಮ್ಮೆ ‘ಕನಾರ್ಟಕ’ ಅಂತ ಹುಡುಕಿ ನೋಡಿ, ಅವಸರಕ್ಕೆ ಪರಿವರ್ತಿಸಿದವರೆಲ್ಲ ಸಾಲಾಗಿ ಸಿಕ್ಕಿಬೀಳುತ್ತಾರೆ. ಇನ್ನೊಂದು ಜಾತಿಯವರು ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತನ್ನೇ ತಂದು ಇಡುತ್ತಾರೆ: ಕನಾ೯ಟಕ. ಕಣ್ಣಿಗೆ ಸರಿ. ಮೊಬೈಲಿಗೆ ಓದಿ ಹೇಳು ಅಂದರೆ ನನ್ನದು ‘ಕನಾ ಒಂಬತ್ತು ಟಕ’ ಅಂದಿತು.

ಆಮೇಲೆ ಇಂಗ್ಲಿಷ್ ಪದಗಳ ಕಾಟ. ಕನ್ನಡ ಪುಟದ ನಡುವೆ ವೆಬ್ ವಿಳಾಸ ಇದ್ದರೆ ಅದನ್ನೂ ನನ್ನ ಸ್ಕ್ರಿಪ್ಟ್ ಕನ್ನಡ ಮಾಡಿಬಿಡುತ್ತಿತ್ತು. ಸಣ್ಣ ‘ಡಬ್ಲ್ಯೂ’ ನುಡಿಯಲ್ಲಿ ‘ತಿ’. ಮೂರು ಡಬ್ಲ್ಯೂ ಸೇರಿದರೆ ‘ತಿತಿತಿ’. ಒಂದು ಇಡೀ ಫೋಲ್ಡರ್ ತಿತಿತಿ ಅಂತ ಶುರುವಾಗುವ ಸಾಲುಗಳಿಂದ ತುಂಬಿಹೋಗಿತ್ತು. ಇದನ್ನು ಹೇಗೆ ಪತ್ತೆ ಮಾಡಿ ತಪ್ಪಿಸುತ್ತೇನೆ ಅನ್ನುವುದು ನನ್ನ ಎರಡನೇ ಗುಟ್ಟು. ಹದಿನಾಲ್ಕು ಸಾಲಿನ ಕೋಡ್. ಇನ್ನೂ ಯಾರಿಗೂ ಕೊಟ್ಟಿಲ್ಲ.

ಬೇಸತ್ತು ಒಂದು ಸಲ ಅಡ್ಡದಾರಿ ಹಿಡಿದೆ. ಪುಟಗಳನ್ನೆಲ್ಲ ಚಿತ್ರ ಮಾಡಿ ಚಿತ್ರದಿಂದ ಅಕ್ಷರ ಓದುವ ಕ್ಲೌಡಿನ ಒಸಿಆರ್‌ಗೆ ಕೊಟ್ಟೆ. ಲೂಪಿನಲ್ಲಿ ಒಂದು ತಪ್ಪು. ಅದೇ ನಲವತ್ತು ಪುಟವನ್ನು ಬೆಳಗಾಗುವವರೆಗೆ ಮತ್ತೆ ಮತ್ತೆ ಓದುತ್ತಾ ಕೂತಿತ್ತು. ಬಿಲ್ ಮೂರು ಸಾವಿರದ ಚಿಲ್ಲರೆ. ಮನೆಯಲ್ಲಿ ಹೇಳಲಿಲ್ಲ.

ಈ ನಡುವೆ ಬೇರೆ ಚೇಷ್ಟೆಗಳೂ ನಡೆದವು. ನಿಮಗೆ ವೆಬ್ ಸರ್ವರುಗಳ ಎರರ್ ನಂಬರ್ 418 ಗೊತ್ತಲ್ವಾ? 1998ರ ಏಪ್ರಿಲ್ ಒಂದರಂದು ತಮಾಷೆಗೆ ಬರೆದ ಕಾಫಿ ಪಾತ್ರೆಯ ಪ್ರೋಟೊಕಾಲಿನದು (ಯಂತ್ರಗಳು ಮಾತಾಡಿಕೊಳ್ಳುವ ನಿಯಮ). ಟೀ ಪಾಟಿಗೆ ಕಾಫಿ ಮಾಡು ಅಂದರೆ ಅದು ‘ನಾನು ಟೀ ಪಾಟು’ ಅಂತ ಉತ್ತರ ಕೊಡಬೇಕು. ಲಾಗಿನ್ ಪುಟ ಹುಡುಕಿಕೊಂಡು ತಾವಾಗಿಯೇ ಬರುವ ಪ್ರೋಗ್ರಾಮುಗಳಿಗೆಲ್ಲ, ಅಂದರೆ ಬಾಟುಗಳಿಗೆಲ್ಲ, ಆ ಉತ್ತರವೇ ಹೋಗಲಿ ಅಂತ ಒಬ್ಬ ಗಿರಾಕಿಯ ಸೈಟಿನಲ್ಲಿ ಇಟ್ಟೆ. ಬಾಟುಗಳು ಕ್ಯಾರೇ ಅನ್ನಲಿಲ್ಲ. ವಾರದ ನಂತರ ಗಿರಾಕಿಯೇ ತಪ್ಪು ವಿಳಾಸ ಒತ್ತಿದರು. ‘ಸಾರ್, ಸೈಟ್ ಹ್ಯಾಕ್ ಆಗಿದೆ, ಟೀ ಬೇಕಾ ಅಂತ ಕೇಳ್ತಿದೆ’ ಅಂತ ಫೋನು. ತೆಗೆದೆ.

ಪಾರಿವಾಳದ್ದು ಇನ್ನೂ ಮಜಾ. ಇಂಟರ್‌ನೆಟ್ ಪ್ಯಾಕೆಟ್ಟನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸುವ ವಿಧಾನ, 1990ರ ಏಪ್ರಿಲ್ ಒಂದರ ತಮಾಷೆ. 2001ರಲ್ಲಿ ನಾರ್ವೆಯ ಬರ್ಗೆನ್ ಊರಿನ ಲಿನಕ್ಸ್ ಬಳಗದವರು ಅದನ್ನು ನಿಜವಾಗಿ ಮಾಡಿ ನೋಡಿದರು. ಒಂಬತ್ತು ಪಿಂಗ್ (‘ಇದ್ದೀಯಾ?’ ಅಂತ ಕೇಳುವ ಸಂದೇಶ) ಹೋಯಿತು, ನಾಲ್ಕಕ್ಕೆ ಉತ್ತರ ಬಂತು. ಮಳೆ ಬಂದ ದಿನ ನಮ್ಮ ಬೀದಿಯ ಕನೆಕ್ಷನ್ ಅಳೆದೆ. ಒಂಬತ್ತಕ್ಕೆ ಮೂರು. ಸ್ಕ್ರೀನ್‌ಶಾಟ್ ಇದೆ.

ಠ_ಠ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿಟ್ಟಿನಿಂದ ದುರುಗುಟ್ಟುವ ಮುಖಕ್ಕೆ ಜಗತ್ತಿನ ಎಷ್ಟೋ ಜನ ನಮ್ಮ ಮಹಾಪ್ರಾಣ ಠ ಬಳಸುತ್ತಾರೆ. ಅದು ಕನ್ನಡ ಅಂತಲೇ ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸ ತಡವಾಯಿತು ಅಂತ ಒಬ್ಬ ವಿದೇಶಿ ಗಿರಾಕಿ ನನಗೂ ಕಳಿಸಿದ. ‘ಇದು ನಮ್ಮ ಅಕ್ಷರ, ಠಾಣೆಯ ಠ’ ಅಂತ ಬರೆದೆ. ಅರ್ಧ ಗಂಟೆ ಅದರ ಮೇಲೇ ಮಾತಾಯಿತು, ತಡವಾದದ್ದು ಮರೆತೇಹೋಯಿತು. ನಾವಾದರೂ ಠ ಬಳಸುವುದು ಎಷ್ಟು? ಠಾಣೆ, ಠೇವಣಿ, ಠಸ್ಸೆ. ನನ್ನ ಲೆಕ್ಕದಲ್ಲಿ ನಮಗಿಂತ ಅವರೇ ಜಾಸ್ತಿ ಬಳಸುತ್ತಾರೆ.

ಇನ್ನು ದುಡ್ಡಿನ ವಿಷಯ. ಬಾಡಿಗೆ ಸರ್ವರ್ ತಿಂಗಳಿಗೆ ನಾನೂರೈವತ್ತರ ಹತ್ತಿರ, ಎರಡು ವರ್ಷ. ಹಾರ್ಡ್‌ಡಿಸ್ಕ್ ಐದು ಸಾವಿರ. ಒಸಿಆರ್ ದಂಡ ಸೇರಿಸಿದರೆ ಇಪ್ಪತ್ತು ಸಾವಿರದ ಹತ್ತಿರ ಹೋಗಿತ್ತು. ಹುಟ್ಟುವಳಿ ಸೊನ್ನೆ. ಗುಜರಿ ಅಂದ ಗೆಳೆಯ ವಾರಕ್ಕೊಮ್ಮೆ ‘ಏನು, ಹಳೇ ಪೇಪರ್ ಕೇಜಿಗೆಷ್ಟು?’ ಅಂತ ಕೇಳುತ್ತಿದ್ದ.

ಅವನ ಬಾಯಿ ಮುಚ್ಚಿಸಿದ್ದು ಹಳೇ ಪೇಪರೇ. ಬಿ.ಎಚ್. ರಸ್ತೆಯ ಕಡೆ ಒಂದು ಸಣ್ಣ ಪತ್ರಿಕೆಯ ಮಾಲೀಕರು ಕಾರ್ಡ್ ಮಾಡಿಸಲು ಬಂದಿದ್ದರು. ಮಾತಿಗೆ ಮಾತು ಬಂದು, ಪೇಜ್‌ಮೇಕರ್ ಕಾಲದ ಪುಟವಿನ್ಯಾಸದ ಫೈಲೆಲ್ಲ ಹಾರ್ಡ್‌ಡಿಸ್ಕ್ ಜೊತೆ ಸತ್ತಿತು ಅಂತ ಕೊರಗಿದರು. ಆಗ ಅವರಿಗೊಂದು ಸೈಟೂ ಇತ್ತಂತೆ. ಡೊಮೇನ್ ನವೀಕರಿಸಲು ಮರೆತಿದ್ದಾರೆ. ಈಗ ಆ ವಿಳಾಸದಲ್ಲಿ ಯಾರೋ ಜೂಜು ಆಡಿಸುತ್ತಿದ್ದಾರೆ. ಮೂರ್ನಾಲ್ಕು ಜನರನ್ನು ಕೇಳಿ, ಆಗಲ್ಲ ಅನ್ನಿಸಿಕೊಂಡು ಬಂದಿದ್ದರು.

ನಾನು ಅವರ ಎದುರೇ ‘ದಿನಪತ್ರಿಕೆ’ ಬಿಡಿಸಿ ತೋರಿಸಿದೆ. ಸೆಂಟ್, ಪೌಂಡ್, ಯೆನ್. ‘ಇಷ್ಟೆಲ್ಲ ಒಳಗಿಟ್ಟುಕೊಂಡೂ ನಮಗೆ ಜಾಹೀರಾತಿನ ಬಾಕಿ ಬರಲಿಲ್ಲವಲ್ರೀ’ ಅಂದರು. ನಲವತ್ತು ಸಾವಿರ ಕೇಳಿದೆ. ಮೂವತ್ತೆರಡಕ್ಕೆ ನಿಂತಿತು, ಎರಡು ಕಂತು.

ವೇಬ್ಯಾಕಿನಿಂದ ಆ ಡೊಮೇನಿನ ಹಳೇ ವಿಳಾಸಗಳ ಪಟ್ಟಿ ತೆಗೆದೆ. ಪಟ್ಟಿಯಲ್ಲಿಲ್ಲದ ಕೆಲವು ಪುಟ ನನ್ನ ಕಾಗೆಕಾಲು ಸರ್ಚಿನಿಂದ ಬೇರೆಯವರ ಸೈಟುಗಳಲ್ಲಿ ಸಿಕ್ಕವು. ಒಟ್ಟು ಸಾವಿರದ ನೂರರ ಸುಮಾರು ಪುಟ. ಒಂಬೈನೂರು ಮೇಲೆ ಸ್ಕ್ರಿಪ್ಟಿನಲ್ಲೇ ಸರಿಯಾಯಿತು. ಉಳಿದದ್ದು ಕೈಯಲ್ಲಿ, ಆರು ವಾರ. ಚಿತ್ರಗಳು ಮುಕ್ಕಾಲು ಪಾಲು ಹೋದವು, ಅದಕ್ಕೆ ಮದ್ದಿಲ್ಲ.

ಎರಡನೇ ಕಂತು ಬರಲು ನಾಲ್ಕು ತಿಂಗಳಾಯಿತು. ಬಂದ ದಿನ ಮಾಲೀಕರು ಒಂದು ಬೇಡಿಕೆ ಇಟ್ಟರು. ಇಪ್ಪತ್ತು ವರ್ಷದ ಹಿಂದೆ ಅಚ್ಚಾದ ಕೆಲವು ಅಕ್ಷರದೋಷಗಳನ್ನು ಈಗ ತಿದ್ದಬಹುದಾ ಅಂತ. ಪುಟಕ್ಕೆ ಐವತ್ತು ರೂಪಾಯಿ ಅಂದೆ. ಹನ್ನೊಂದು ಪುಟಕ್ಕೆ ಕೆಂಪು ಗುರುತು ಹಾಕಿ ಕಳಿಸಿದ್ದಾರೆ. ನೋಡಿದರೆ ಅದರಲ್ಲಿ ನಾಲ್ಕು ಅವರವಲ್ಲ, ನನ್ನ ಅರ್ಕಾವತ್ತಿನವು.