ಊರಿಗೆ ಹೋಗದೆ ಊರನ್ನು ಕೇಳುವುದು ಹೇಗೆ?

2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿದ್ದದ್ದೂ ಅವತ್ತೇ. ಹಬ್ಬ ಮುಗಿಸಿ ನಮ್ಮ ಎಂ.ಎ. ಸಮಾಜಶಾಸ್ತ್ರದ ಹುಡುಗರು ಯಾದಗಿರಿ ಜಿಲ್ಲೆಯ ಎರಡು ಹಳ್ಳಿಗೆ ಕ್ಷೇತ್ರಕಾರ್ಯಕ್ಕೆ ಹೊರಡಬೇಕಿತ್ತು. ಗುಳೆ ಹೋದವರ ಮನೆಯಲ್ಲಿ ಉಳಿಯುವ ಮುದುಕರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಕಿರುಪ್ರಬಂಧದ ವಿಷಯ. ನಾಲ್ಕು ಪುಟದ ಪ್ರಶ್ನಾವಳಿ ಜೆರಾಕ್ಸ್ ಕೂಡ ಆಗಿತ್ತು. ‘ಮೇಡಂ, ಇದನ್ನೇ ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟುಬಿಡೋಣ್ವಾ?’ ಎಂದು ಒಬ್ಬ ಕೇಳಿದ. ಆ ವರ್ಷ ನಾನು ಮೌಲ್ಯಮಾಪನ ಮಾಡಿದ ಎಷ್ಟೋ ಪ್ರಬಂಧ ಹೀಗೇ ಹುಟ್ಟಿದ್ದವು: ಗೆಳೆಯರು ಕಳಿಸಿ, ಗೆಳೆಯರೇ ತುಂಬಿದ ಫಾರ್ಮು. ಕಾಲೇಜು ಹುಡುಗರು ಏನಂದುಕೊಳ್ಳುತ್ತಾರೆ ಎಂಬುದಷ್ಟೇ ಅದರಲ್ಲಿ ಗೊತ್ತಾಗುತ್ತದೆ.

ಮತ್ತೊಮ್ಮೆ ದಾರಿ ಮುಚ್ಚಿದರೆ, ಅದು ರೋಗವೋ ಪ್ರವಾಹವೋ, ಏನು ಮಾಡಬೇಕು ಎಂದು ಈಗಲೇ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಪ್ರಶ್ನೆಯನ್ನೇ ಬಿಚ್ಚಿ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಒಂದು ಕಡೆ ಕಿವಿಯಿಂದ ತಿಳಿಯಬಹುದಾದದ್ದು, ಇನ್ನೊಂದು ಕಡೆ ಕಣ್ಣಿಗೇ ಬೇಕಾದದ್ದು. ಎಷ್ಟು ಜನ ಊರಿಗೆ ಮರಳಿದರು, ರೇಷನ್ ಸಿಕ್ಕಿತೇ, ಕೂಲಿಗೆಂದು ಪಡೆದ ಮುಂಗಡ ಎಷ್ಟು ಬಾಕಿ ಇದೆ ಎಂಬುದನ್ನು ಫೋನಿನಲ್ಲಿ ಕೇಳಬಹುದು. ಅಜ್ಜಿಗೆ ಕೊನೆಯಲ್ಲಿ ಊಟ ಬಡಿಸುತ್ತಾರೆಯೇ ಎಂಬುದನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಅದು ಪಡಸಾಲೆಯಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ. ಎರಡನೇ ಪಟ್ಟಿಯನ್ನು ಧೈರ್ಯವಾಗಿ ಕೈಬಿಡಿ.

ನಮ್ಮಲ್ಲಿ ಪ್ರಶ್ನೆಯೇ ತಿರುಗಿಬಿತ್ತು. ಗುಳೆ ಹೋದವರೆಲ್ಲ ಮನೆಗೆ ಬಂದಿದ್ದರು. ಹಾಗಾಗಿ ‘ದುಡಿಮೆ ನಿಂತ ಮನೆಗೆ ದಿಢೀರನೆ ನಾಲ್ಕು ಬಾಯಿ ಹೆಚ್ಚಾದಾಗ ಸಂಸಾರ ಹೇಗೆ ನಡೆಯಿತು’ ಎಂದು ಬದಲಿಸಿಕೊಂಡೆವು. ಮಾರ್ಗದರ್ಶಕರು ಒಪ್ಪದಿದ್ದರೆ ಜಗಳವಾಡಿ. ಹಳೇ ಪ್ರಶ್ನೆಗೆ ಹೊಸ ಸಾಧನ ಕಟ್ಟುವುದಕ್ಕಿಂತ ಆ ಜಗಳ ಮೇಲು.

ನಂಬರು ಎಲ್ಲಿಂದ ಬಂತು?

ಎಲ್ಲರನ್ನೂ ಕೇಳಲಾಗದಾಗ ಯಾರನ್ನು ಕೇಳಬೇಕು ಎಂಬ ‘ಮಾದರಿ ಆಯ್ಕೆ’ಯ ಪಾಠದಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯ ಕಥೆ ಬಂದೇ ಬರುತ್ತದೆ. 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಅದು ಯಾರಿಗೆ ಮತ ಎಂದು ಕೇಳುವ ಚೀಟಿಯನ್ನು ಸುಮಾರು 1 ಕೋಟಿ ಜನರಿಗೆ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ ಭರ್ಜರಿಯಾಗಿ ಗೆದ್ದರು. ವಿಳಾಸಗಳನ್ನು ಬಹುಪಾಲು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬಡವರ ಹೆಸರು ಆ ಪಟ್ಟಿಗಳಲ್ಲಿ ಎಲ್ಲಿರಬೇಕು? ಮೇಲಾಗಿ, ಚೀಟಿ ತುಂಬಿ ವಾಪಸ್ ಕಳಿಸುವವರೇ ಒಂದು ಬಗೆಯ ಜನ.

ನಮ್ಮ ಕಾಲಕ್ಕೆ ಬನ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ಶೇ 54ರಷ್ಟು ಮಂದಿಗೆ. ಉಳಿದವರ ಮಾತು ನಿಮಗೆ ತಲುಪಬೇಕಾದರೆ ಗಂಡನದೋ ಮಗನದೋ ಫೋನು ದಾಟಿಯೇ ಬರಬೇಕು.

ಒಬ್ಬರಿಂದ ಇನ್ನೊಬ್ಬರ ನಂಬರು ಪಡೆಯುತ್ತಾ ಹೋಗುವ ‘ಹಿಮಚೆಂಡು’ ವಿಧಾನವನ್ನು ಒಂದೇ ಕಡೆಯಿಂದ ಉರುಳಿಸಿದರೆ ಅದು ಒಂದೇ ಕೇರಿಯಲ್ಲಿ ಸುತ್ತಿ ನಿಲ್ಲುತ್ತದೆ. ನಾವು ನಾಲ್ಕು ಕಡೆಯಿಂದ ಉರುಳಿಸಿದೆವು: ಆಶಾ ಕಾರ್ಯಕರ್ತೆ, ಶಾಲೆ ಮೇಷ್ಟ್ರು, ಉದ್ಯೋಗ ಖಾತ್ರಿಯ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು), ಊರಿನ ಒಂದು ಕಿರಾಣಿ ಅಂಗಡಿ. ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಬಳಿ ಎಲ್ಲರಿಗಿಂತ ಉದ್ದದ ಪಟ್ಟಿ ಇತ್ತು. ಬೇಡ ಅಂದೆವು. ಅವನಿಂದ ಮುಂಗಡ ಪಡೆದವರು ಅವನು ಕೊಟ್ಟ ನಂಬರಿನಲ್ಲಿ ಏನು ತಾನೇ ಹೇಳಿಯಾರು?

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ 2020ರಲ್ಲಿ 12 ರಾಜ್ಯಗಳ ಸುಮಾರು 5,000 ದುಡಿಮೆಗಾರರನ್ನು ಫೋನಿನಲ್ಲೇ ಮಾತಾಡಿಸಿತು; ಅವರನ್ನು ತಲುಪಿದ್ದು ಸ್ವಯಂಸೇವಾ ಸಂಸ್ಥೆಗಳ ಮೂಲಕ. ಇಂಥ ಮಾದರಿ ಇಡೀ ರಾಜ್ಯದ ಪರವಾಗಿ ಮಾತಾಡಲಾರದು. ಅದನ್ನು ಪ್ರಬಂಧದಲ್ಲಿ ನೇರವಾಗಿ ಬರೆಯಿರಿ, ಅಡಿಟಿಪ್ಪಣಿಯಲ್ಲಿ ಬಚ್ಚಿಡಬೇಡಿ.

ನಾಲ್ಕು ಪುಟ ಒಂದು ಪುಟವಾಗಲಿ

ಕಟ್ಟೆ ಮೇಲೆ ಒಂದು ಗಂಟೆ ಮಾತಾಡುವವರು ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಬೇಸರಪಡುತ್ತಾರೆ. ‘ನಿಮ್ಮ ಮಾಸಿಕ ಆದಾಯವೆಷ್ಟು?’ ಎಂಬುದನ್ನು ಹೊಡೆದುಹಾಕಿ. ವಾರದ ಬಟವಾಡೆ ಪಡೆಯುವವರಿಗೆ ಮಾಸಿಕ ಎಂಬುದೇ ಇಲ್ಲ. ‘ಕೊನೇ ಬಟವಾಡೆಗೆ ಎಷ್ಟು ಕೈಗೆ ಬಂತು?’ ಎಂದು ಕೇಳಿ. ತಾರೀಖು ಕೇಳಬೇಡಿ, ಹಬ್ಬ ಕೇಳಿ. ಎಂದಿನಂತೆ ‘ಹೋದ ಸಂತೆ’ ಅನ್ನುವ ಹಾಗಿರಲಿಲ್ಲ, ಸಂತೆಗಳೇ ನಿಂತಿದ್ದವು. ಆದರೆ ‘ಯುಗಾದಿಗೆ ಮೊದಲೋ ಆಮೇಲೋ’, ‘ಕಾರಹುಣ್ಣಿಮೆ ಹೊತ್ತಿಗೆ’ ಅಂದರೆ ಲೆಕ್ಕ ಚೊಕ್ಕವಾಗಿ ಬರುತ್ತಿತ್ತು.

ಇಷ್ಟು ಮಾಡಿಕೊಂಡು ಐದಾರು ಮನೆಗೆ ಪ್ರಯೋಗಕ್ಕೆ ಕರೆ ಮಾಡಿ, ಎಡವಿದ ಪ್ರಶ್ನೆ ತಿದ್ದಿ.

ಕರೆ

ಆಗ ನಂಬರು ಒತ್ತಿದರೆ ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಕೊರೊನಾ ಎಚ್ಚರಿಕೆ. ಅದು ಮುಗಿದು ಅತ್ತ ಎತ್ತಿಕೊಂಡವರ ಮೊದಲ ಮಾತು ಬಹುತೇಕ ಒಂದೇ:

‘ಯಾರ್ರೀ? ಎಲ್ಲಿಂದ ಮಾತಾಡ್ಲಿಕತ್ತೀರಿ?’

‘ಅಕ್ಕಾರ, ನಾ ಕಾಲೇಜಿನ್ಯಾಗ ಓದಾಕಿರಿ. ಸರ್ಕಾರದಾಕಿ ಅಲ್ಲ, ಬ್ಯಾಂಕಿನಾಕಿನೂ ಅಲ್ಲ. ಓಟಿಪಿ ಏನೂ ಕೇಳಂಗಿಲ್ರಿ. ನಿಮ್ಮ ನಂಬರ್ ಆಶಾ ಅಕ್ಕಾರು ಕೊಟ್ರು.’

ನಗಬೇಡಿ, ಅರ್ಧ ಒಪ್ಪಿಗೆ ಸಿಗುವುದು ಓಟಿಪಿಯ ಆ ವಾಕ್ಯಕ್ಕೇ. ಉಳಿದರ್ಧಕ್ಕೆ ಸ್ಪಷ್ಟವಾಗಿ ಹೇಳಿ: ಇದರಿಂದ ನಿಮಗೆ ಹಣ ಬರುವುದಿಲ್ಲ, ಬೇಡವೆನಿಸಿದರೆ ನಡುವೆಯೇ ಫೋನಿಡಬಹುದು, ಹೆಸರು ಎಲ್ಲೂ ಬರೆಯುವುದಿಲ್ಲ. ರೆಕಾರ್ಡ್ ಮಾಡುವುದಾದರೆ ಬೇರೆಯಾಗಿ ಕೇಳಿ. ಮಿಸ್ಡ್ ಕಾಲ್ ಕೊಡಲು ಹೇಳಿ ನೀವೇ ವಾಪಸ್ ಮಾಡಿ. ಅವರ ಕರೆನ್ಸಿ ನಿಮ್ಮ ಪ್ರಬಂಧಕ್ಕೆ ಖರ್ಚಾಗಬಾರದು.

ಸ್ಪೀಕರ್ ಆನ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಹೆಣ್ಣುಮಗಳ ದನಿ ಇದ್ದಕ್ಕಿದ್ದಂತೆ ‘ಹೂಂ ರೀ, ಇಲ್ರೀ’ಗೆ ಇಳಿದರೆ ಪಕ್ಕದಲ್ಲಿ ಯಾರೋ ಬಂದಿದ್ದಾರೆ ಎಂದರ್ಥ. ಜಗಳ, ಹೊಡೆತ, ಸಾಲದ ವಿಷಯ ಅಲ್ಲಿಗೇ ನಿಲ್ಲಿಸಿ, ಮಳೆ-ಬಿತ್ತನೆಗೆ ಮಾತು ಹೊರಳಿಸಿ. ಅವರ ಸುರಕ್ಷತೆಗಿಂತ ನಿಮ್ಮ ದತ್ತಾಂಶ ದೊಡ್ಡದಲ್ಲ.

ಹಸಿದವರನ್ನು ‘ನಿನ್ನೆ ಎಷ್ಟು ಹೊತ್ತಿನ ಊಟ ಸಿಕ್ಕಿತು’ ಎಂದು ಕೇಳಿ ಫೋನಿಡುವುದು ಸಂಶೋಧನೆಯೇ ಅಲ್ಲ ಎಂಬುದು ನನ್ನ ಹಟ. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಕಾರ್ಮಿಕರ ನೆರವಿಗೆ ನಿಂತ ‘ಸ್ವಾನ್’ ಜಾಲದವರು ಸಹಾಯ ಕೋರಿ ಬಂದ ಕರೆಗಳಿಂದಲೇ ವರದಿ ಕಟ್ಟಿದರು. ಅಷ್ಟಾಗದಿದ್ದರೂ ಪಂಚಾಯ್ತಿ, ರೇಷನ್, ಆರೋಗ್ಯ ಸಹಾಯವಾಣಿಯ ನಂಬರುಗಳು ನಿಮ್ಮ ಮೇಜಿನ ಮೇಲಿರಲಿ.

ಟಿಪ್ಪಣಿ

ಕರೆ ಮುಗಿದ ಅರ್ಧ ಗಂಟೆಯೊಳಗೆ ಬರೆದಿಡಿ: ಮಾತು, ಮೌನ, ಹಿಂದೆ ಕೇಳಿದ ಕೋಳಿ-ಕುಕ್ಕರಿನ ಸದ್ದು ಕೂಡ. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಒಪ್ಪ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ ಅದರ ಮೂರು ಪ್ರತಿಗಳೂ ಸುಟ್ಟುಹೋದವು. ಮೂರೂ ಒಂದೇ ಕಟ್ಟಡದಲ್ಲಿದ್ದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ಹಳ್ಳಿಯಲ್ಲಿ ತಿಂಗಳುಗಟ್ಟಲೆ ಬದುಕಿದವರಿಗೆ ಅದು ಸಾಧ್ಯವಾಯಿತು. ಹದಿನೈದು ನಿಮಿಷದ ಕರೆ ಅಷ್ಟು ನೆನಪು ಉಳಿಸುವುದಿಲ್ಲ.

ದಾರಿ ತೆರೆದ ಮೇಲೆ ಕೆಲವರನ್ನಾದರೂ ಹೋಗಿ ನೋಡಿ. ನಾವು ಮರುವರ್ಷದ ಫೆಬ್ರುವರಿಯಲ್ಲಿ ಹೋದೆವು. ಮೂರು ಸಲ ಮಾತಾಡಿದ್ದ ಒಬ್ಬಾಕೆ ಪ್ರತಿ ಸಲವೂ ‘ನಾನೊಬ್ಬಾಕೇ ಅದೀನ್ರಿ, ಕೇಳ್ರಿ’ ಅಂದಿದ್ದರು. ಅವರ ಮನೆಯೊಳಗೆ ಸಿಗ್ನಲ್ಲೇ ಇರಲಿಲ್ಲ. ‘ಎಲ್ಲಿ ನಿಂತು ಮಾತಾಡ್ತಿದ್ರಿ?’ ಎಂದರೆ ಹನುಮಪ್ಪನ ಗುಡಿಯ ಕಟ್ಟೆ ತೋರಿಸಿದರು. ಕಟ್ಟೆ ಮೇಲೆ ಆಗಲೂ ಐದಾರು ಗಂಡಸರು ಕೂತಿದ್ದರು. ಆ ಮೂರು ಸಂದರ್ಶನಗಳ ಹಾಳೆಯ ತಲೆಯ ಮೇಲೆ ನನ್ನ ವಿದ್ಯಾರ್ಥಿನಿ ಕೆಂಪು ಪೆನ್ನಿನಲ್ಲಿ ‘ಕಟ್ಟೆ’ ಎಂದು ಬರೆದುಕೊಂಡಳು.