ಮಾವಳದ ಗದ್ದೆ ಇಲಿಗಳಲ್ಲಿ ಟ್ರಿಪನೊಸೋಮ: ನನ್ನ ಅನುಭವ

ಗದ್ದೆ ಇಲಿಯ ರಕ್ತದಲ್ಲಿ ಟ್ರಿಪನೊಸೋಮ ಲೆವಿಸಿ ಎಂಬ ಏಕಕೋಶ ಪರಾವಲಂಬಿಯನ್ನು ಹುಡುಕಲು ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆ ಇಲ್ಲದೆ ಆಗದು ಎಂದು ಪುಣೆಯ ಪ್ರಯೋಗಾಲಯಗಳ ಮಿತ್ರರು ಹೇಳುತ್ತಲೇ ಬಂದಿದ್ದರು. ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ಭತ್ತದ ಗದ್ದೆಗಳ ಇಲಿಯಾದ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್‌ನಲ್ಲಿ ಅದು ಜೀವಂತವಾಗಿ ಈಜುವುದನ್ನು ಕ್ಯಾಪಿಲರಿ ಎಂಬ ಸಪೂರ ಗಾಜಿನ ಕೊಳವೆಯಲ್ಲೇ ತೋರಿಸಿದ ಮೇಲೆ ಆ ಮಾತು ನಿಂತುಹೋಗಿದೆ.

ಮೊದಲ ಮಳೆಗಾಲವಿಡೀ ಸ್ಲೈಡಿನ ಮೇಲೆ ರಕ್ತ ಸವರುವ ತೆಳು ಲೇಪಗಳಿಗೆ ಬಲಿಯಾಯಿತು. ತೇವದ ಗಾಳಿಯಲ್ಲಿ ಲೇಪ ಬೇಗ ಒಣಗದೆ ಕೆಂಪು ಕಣಗಳು ಮುರುಟುತ್ತಿದ್ದವು. ನಲ್ಲಿಯ ನೀರಿನಲ್ಲಿ ಕಲಸಿದ ಗೀಮ್ಸಾ ಬಣ್ಣ ಚೂರುಚೂರಾಗಿ ತಳಕ್ಕಿಳಿಯುತ್ತಿದ್ದುದು, 7.2 ಪಿಎಚ್ ಬಫರ್ (ಆಮ್ಲತೆಯನ್ನು ಸ್ಥಿರವಾಗಿಡುವ ದ್ರಾವಣ) ಬಳಸಿದ ಮೇಲಷ್ಟೇ ಹತೋಟಿಗೆ ಬಂತು. ಸ್ಲೈಡು, ಮೆಥನಾಲ್, ಪೆಟ್ರೋಲು ಸೇರಿ ಹದಿನೈದು ಸಾವಿರದ ಆಸುಪಾಸು ಕರಗಿತು. ಹತ್ತು ಇಲಿಗೆ ಒಂದರಲ್ಲಿ ಪರಾವಲಂಬಿ ಸಿಕ್ಕರೆ ಅದೇ ದೊಡ್ಡದು.

ಆಮೇಲೆ, ಮುಚ್ಚಿಹೋದ ಪೆಥಾಲಜಿ ಲ್ಯಾಬೊಂದರ ಹಳೆಯ ಹೆಮಟೊಕ್ರಿಟ್ ಸೆಂಟ್ರಿಫ್ಯೂಜನ್ನು (ರಕ್ತವನ್ನು ತಿರುಗಿಸಿ ಪದರಗಳಾಗಿ ಬೇರ್ಪಡಿಸುವ ಯಂತ್ರ) ಎಂಟು ಸಾವಿರಕ್ಕೆ ಕೊಂಡು, ಇನ್ನೊಂದು ಸಾವಿರ ಕೊಟ್ಟು ಅದರ ಕಾರ್ಬನ್ ಬ್ರಷ್ ಬದಲಿಸಿದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಸವರಿದ ಕೊಳವೆ, ನಿಮಿಷಕ್ಕೆ 12,000 ಸುತ್ತು, 5 ನಿಮಿಷ. ನಂತರ ಬಫಿ ಕೋಟ್, ಅಂದರೆ ಬಿಳಿ ಕಣಗಳ ಪದರ, ಮೇಲಿನ ತಿಳಿ ಪ್ಲಾಸ್ಮಾವನ್ನು ಮುಟ್ಟುವ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ದುಂಡು ಕೊಳವೆಯಲ್ಲಿ ಬೆಳಕು ಚದುರದಂತೆ ನಾನು ಮಾಡಿಕೊಂಡಿರುವ ಏರ್ಪಾಡನ್ನು ಸದ್ಯಕ್ಕೆ ಬರೆಯುವುದಿಲ್ಲ. ಬಂದು ಕೇಳಿದವರಿಗೆ ತೋರಿಸಿದ್ದೇನೆ. ಬೋನಿನಲ್ಲಿ ಸತ್ತು ಬಿದ್ದ ಇಲಿ ಜೀವಂತ ಚಲನೆ ನೋಡುವ ಈ ವಿಧಾನಕ್ಕೆ ನಿಷ್ಪ್ರಯೋಜಕ. ಆದ್ದರಿಂದ ಬಿಲ ಅಗೆಯುವುದರಲ್ಲಿ ನುರಿತ ಕಾತಕರಿ ಸಮುದಾಯದವರಿಗೆ ಇಲಿಯ ಲೆಕ್ಕದಲ್ಲಿ ಹಣ ಕೊಟ್ಟು, ಗದ್ದೆಯಂಚಿನ ಮನೆಯೊಂದರಲ್ಲೇ ಯಂತ್ರ ಓಡಿಸುತ್ತೇನೆ. ಈಗ ಮೂರು ನಾಲ್ಕು ಇಲಿಗೆ ಒಂದರಲ್ಲಿ ಸಿಗುತ್ತಿದೆ.

ದಪ್ಪ ಇಲಿಗಳ ಬೆನ್ನು ಹತ್ತುವವರಿಗೆ ಒಂದು ಮಾತು: ಸೋಂಕು ಕೆಲವೇ ವಾರಗಳಲ್ಲಿ ತಾನಾಗಿ ಇಳಿದು ಇಲಿಗೆ ರೋಗನಿರೋಧ ಬರುವುದರಿಂದ, ಬೆಳೆದ ಮರಿಗಳಲ್ಲಿ ಹುಡುಕುವುದೇ ಲಾಭ. ಕುತೂಹಲಕ್ಕೆಂದು ಚಿಗಟಗಳನ್ನೂ ಸೀಳಿ ಹಿಂಗರುಳನ್ನು ನೋಡಿದ್ದೇನೆ, ಏಕೆಂದರೆ ಸೋಂಕು ಹರಡುವುದು ಚಿಗಟದ ಕಡಿತದಿಂದಲ್ಲ, ಅದರ ಹಿಕ್ಕೆಯನ್ನೋ ಚಿಗಟವನ್ನೋ ಇಲಿ ನುಂಗುವುದರಿಂದ. ಒಂದೆರಡರಲ್ಲಿ ಚಲನೆ ಕಂಡಿತು, ಹೆಚ್ಚಿನವುಗಳಲ್ಲಿ ಬರಿಯ ರಕ್ತ. ಬಫಿ ಕೋಟಿನ ಬುಡದಲ್ಲಿ ಕೊಳವೆ ಮುರಿದು ಲೇಪ ಹಾಕಿದರೆ ಬಿಳಿ ಕಣಗಳೊಳಗೆ ಹೆಪಟೊಝೂನ್ ಎಂಬ ಇನ್ನೊಂದು ಪರಾವಲಂಬಿ ಕೂಡ ಕಾಣಸಿಗುತ್ತದೆ, ಬೇರೆ ಖರ್ಚಿಲ್ಲ.

ಚಲನೆ ನೋಡಿದ ಮಾತ್ರಕ್ಕೆ ಲೆವಿಸಿ ಎಂದು ಬರೆಯಬಾರದು. ಚಂದ್ರಪುರ ಜಿಲ್ಲೆಯ ರೈತರೊಬ್ಬರ ರಕ್ತದಲ್ಲಿ 2004ರಲ್ಲಿ ಪತ್ತೆಯಾದದ್ದು ದನಗಳ ಸರ್ರಾ ರೋಗಕ್ಕೆ ಕಾರಣವಾದ ಇನ್ನೊಂದು ಟ್ರಿಪನೊಸೋಮ, ಇವಾನ್ಸಿ. ಹಾಗಾಗಿ ಸಿಕ್ಕ ಪ್ರತಿಯೊಂದಕ್ಕೂ ಗೀಮ್ಸಾ ಹಾಕಿ, ಕೈನೆಟೊಪ್ಲಾಸ್ಟ್ (ಚಾವಟಿಯ ಬುಡದ ಬಳಿಯ ಡಿಎನ್ಎ ಚುಕ್ಕೆ) ದೊಡ್ಡದಾಗಿ ಮೊಟ್ಟೆಯಾಕಾರದಲ್ಲಿದೆಯೇ, ನ್ಯೂಕ್ಲಿಯಸ್ ಮುಂಭಾಗಕ್ಕೆ ಸರಿದಿದೆಯೇ ಎಂದು ನೋಡಿದ ಮೇಲೆಯೇ ದಾಖಲೆಗೆ ಸೇರಿಸುತ್ತೇನೆ.