ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

‘ನಾ ಉಪ್ಪು ಬಿಟ್ಟೀನ್ರಿ’ ಅನ್ನುವವರ ತಟ್ಟೆಯನ್ನು ಒಮ್ಮೆ ನೋಡಿ. ಬ್ಯಾಳಿ ಸಪ್ಪೆ, ಪಲ್ಯ ಸಪ್ಪೆ. ಪಕ್ಕದಲ್ಲಿ ಮಾತ್ರ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿ ಪುಡಿ), ಮಾವಿನ ಉಪ್ಪಿನಕಾಯಿ, ಎರಡು ಹಪ್ಪಳ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಮ್ಮನೆಯವರಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ ದಿನವೇ ನಾನು ಹುರುಪಿನಲ್ಲಿ ಬ್ಯಾಳಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದೆ. ನಾಲ್ಕನೇ ದಿನಕ್ಕೆ ಹಿಂಡಿ ಡಬ್ಬಿ ಅವರ ತಟ್ಟೆಯ ಪಕ್ಕಕ್ಕೇ ಬಂದು ಕೂತಿತು.

ಹೃದಯ ಚೆನ್ನಾಗಿರಬೇಕು ಅಂದರೆ ನಡೆಯಬೇಕು, ತಂಬಾಕು ಬಿಡಬೇಕು. ಇದು ಎಲ್ಲರಿಗೂ ಗೊತ್ತು. ಉಪ್ಪು ಕಡಿಮೆ ಮಾಡಬೇಕು ಅನ್ನುವುದೂ ಗೊತ್ತು, ಆದರೆ ಮಾಡುವ ರೀತಿಯಲ್ಲೇ ಎಡವುತ್ತೇವೆ. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಅದಕ್ಕೇ ಇಲ್ಲಿ ಉಪ್ಪಿನದೇ ಮಾತು ಜಾಸ್ತಿ.

ಮೊದಲು ಲೆಕ್ಕ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಸಣ್ಣ ಚಮಚ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಹೊರಗಿನ ತಿಂಡಿಯ ಉಪ್ಪು ಬೇರೆ ಇದೆಯಲ್ಲ, ಹಾಗಾಗಿ ಎರಡು ತಿಂಗಳು ಬಂದರೆ ಇನ್ನೂ ಒಳ್ಳೆಯದು. ನಮ್ಮ ಮನೆಯ ಮೊದಲ ಪ್ಯಾಕೆಟ್ 28 ದಿನಕ್ಕೆ ಖಾಲಿ ಆಯಿತು. ನೋಡಿ ನನಗೇ ನಾಚಿಕೆಯಾಯಿತು.

ಆಮೇಲೆ ಇಳಿಸುವುದು. ಇಲ್ಲೇ ಎಲ್ಲರೂ ಅವಸರ ಮಾಡುತ್ತಾರೆ. ಒಮ್ಮೆಲೇ ನಿಲ್ಲಿಸಬೇಡಿ. ಕೈ ಅಳತೆ ಬಿಟ್ಟು ಉಪ್ಪಿನ ಡಬ್ಬಿಯಲ್ಲಿ ಒಂದು ಸಣ್ಣ ಚಮಚ ಇಡಿ. ಎರಡು ದಿನ ಎಂದಿನಷ್ಟೇ ಹಾಕಿ, ಎಷ್ಟು ಚಮಚ ಅಂತ ಎಣಿಸಿಕೊಳ್ಳಿ. ನಂತರ ಅದರಲ್ಲಿ ಕಾಲು ಭಾಗ ತೆಗೆಯಿರಿ. ಎರಡು ಮೂರು ವಾರ ಹಾಗೇ ನಡೆಯಲಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಮತ್ತೆ ಸ್ವಲ್ಪ ಇಳಿಸಿ. ಮನೆಯಲ್ಲಿ ಯಾರಿಗೂ ಹೇಳಲೇಬೇಡಿ. ಹೇಳಿದರೆ ಮೊದಲ ತುತ್ತಿಗೇ ‘ಸಪ್ಪಗೈತಿ’ ಅನ್ನುತ್ತಾರೆ. ಹೇಳದಿದ್ದರೆ ಸುಮ್ನೆ ಉಣ್ಣುತ್ತಾರೆ.

ಹುಳಿ ಇದ್ದ ಕಡೆ ಉಪ್ಪಿನ ಕೊರತೆ ಗೊತ್ತಾಗುವುದಿಲ್ಲ. ಪುಂಡಿ ಪಲ್ಯದಿಂದ ಶುರು ಮಾಡಿದರೆ ಗೆದ್ದಂತೆ. ಬ್ಯಾಳಿಗೆ ಬೆಳ್ಳುಳ್ಳಿ, ಜೀರಿಗೆ ಒಗ್ಗರಣೆ ಜೋರಾಗಿ ಕೊಡಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲ, ಅದು ನಮ್ಮ ಕಡೆಯವರ ಪುಣ್ಯ. ಚಪಾತಿ ಹಿಟ್ಟಿಗೂ, ಅನ್ನಕ್ಕೂ ಹಾಕುವ ಅಗತ್ಯವಿಲ್ಲ.

ಇನ್ನು ಹಿಂಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕೆಡದೆ ಉಳಿಯುವುದು ಮುಖ್ಯವಾಗಿ ಒಣಗಿರುವುದರಿಂದ. ಹಾಗಾಗಿ ಉಪ್ಪು ಅರ್ಧಕ್ಕೆ ಇಳಿಸಿ, ಬೆಳ್ಳುಳ್ಳಿ ಜಾಸ್ತಿ ಹಾಕಿ, ವಾರಕ್ಕೆ ಸಾಕಾಗುವಷ್ಟೇ ಕುಟ್ಟಿ. ಏನೂ ಆಗುವುದಿಲ್ಲ. ಉಪ್ಪಿನಕಾಯಿಗೆ ಮಾತ್ರ ಈ ಉಪಾಯ ನಡೆಯದು, ಉಪ್ಪು ಕಡಿಮೆಯಾದರೆ ಬೂಸ್ಟು ಹಿಡಿಯುತ್ತದೆ. ಅಲ್ಲಿ ಉಪ್ಪು ಇಳಿಸುವ ಬದಲು ತಿನ್ನುವುದನ್ನು ಇಳಿಸಬೇಕು. ನನ್ನ ಕೇಳಿದರೆ ಡಬ್ಬಿಯನ್ನು ಕೈಗೆ ಎಟುಕದ ಹಲಗೆಯ ಮೇಲೆ ಇಡಿ. ಹಪ್ಪಳದಲ್ಲಿ ಉಪ್ಪಿನ ಜೊತೆ ಪಾಪಡ್‌ಖಾರವೂ ಇರುತ್ತದೆ, ಅದು ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರ. ಉಪ್ಪಿನಲ್ಲಿ ಬಿಪಿ ಏರಿಸುವ ಅಂಶವಾದ ಸೋಡಿಯಂ ಅದರಲ್ಲೂ ಇದೆ. ಭಜಿ ಹಿಟ್ಟಿಗೆ ಹಾಕುವ ಸೋಡಾದ ಕಥೆಯೂ ಅದೇ.

ಗುಲಾಬಿ ಬಣ್ಣದ ಉಪ್ಪಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಮೇಲಾಗಿ ಅಯೋಡಿನ್ ಸೇರಿಸಿರುವುದಿಲ್ಲ ಸಾಮಾನ್ಯವಾಗಿ. ಕಡಿಮೆ ಸೋಡಿಯಂ ಉಪ್ಪು ಅಂತ ಬರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ.

ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂಬದಿ ಓದಿ. 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ಆದರೆ ಅಲ್ಲಿ ಬರೆದಿರುವುದು ಸಾಮಾನ್ಯವಾಗಿ 100 ಗ್ರಾಂ ತಿಂಡಿಯ ಲೆಕ್ಕ. ಇಡೀ ಪ್ಯಾಕೆಟ್‌ನದು ಅಂದುಕೊಂಡು ಮೋಸ ಹೋಗಬೇಡಿ.

ಮಿರ್ಚಿ ಭಜಿ ಬಿಡಿ ಅಂದರೆ ಕಲಬುರಗಿಯಲ್ಲಿ ನನ್ನನ್ನು ಯಾರೂ ಉಳಿಸುವುದಿಲ್ಲ. ವಾರಕ್ಕೊಮ್ಮೆ ಮನೆಯಲ್ಲೇ ಹೊಸ ಎಣ್ಣೆಯಲ್ಲಿ ಕರಿಯಿರಿ, ಮೇಲೆ ಉಪ್ಪು ಉದುರಿಸಬೇಡಿ. ಕರಿದ ಎಣ್ಣೆಯನ್ನು ಮರುದಿನ ಮತ್ತೆ ಕಾಯಿಸುವುದು ಬೇಡವೇ ಬೇಡ. ಎಣ್ಣೆ ಒಟ್ಟಾರೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ.

ನಡಿಗೆ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ಸ್ವಲ್ಪ ಏದುಸಿರು ಬರುವಷ್ಟು ಬಿರುಸು. ನಮ್ಮೂರಿನ ಅಪ್ಪನ ಕೆರೆಯ ಸುತ್ತ ಗೆಳೆಯರ ಜೊತೆ ಹರಟುತ್ತಾ ನಿಂತು ನಿಂತು ನಡೆದರೆ ಅದು ತಿರುಗಾಟ, ನಡಿಗೆ ಅಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದಕ್ಕೇ ಬೆಳಗ್ಗೆ 7ರೊಳಗೆ ಮುಗಿಸಿ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರು ಉಪ್ಪು ಎಷ್ಟಿರಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ತಂಬಾಕು ಬಿಡಿ. ‘ನಾ ಸೇದಂಗಿಲ್ಲ, ಬರೇ ತಿಂತೀನಿ’ ಅನ್ನುವ ನೆವ ನಡೆಯದು. ಗುಟ್ಕಾ, ಜರ್ದಾ ಕೂಡ ಹೃದಯಕ್ಕೆ ಕೆಟ್ಟದ್ದೇ.

ಉಪ್ಪು ಇಳಿಸಿ ಬಿಪಿ ಹತೋಟಿಗೆ ಬಂದರೂ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕಡಿಮೆ ಮಾಡಬೇಕೋ ಬೇಡವೋ ಡಾಕ್ಟರು ಹೇಳಲಿ. ಎದೆ ಹಿಂಡಿದ ಹಾಗಾಗಿ, ನೋವು ಎಡಗೈಗೋ ದವಡೆಗೋ ಹರಿದು, ಮೈ ಬೆವರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಜಯದೇವ ಹೃದ್ರೋಗ ಆಸ್ಪತ್ರೆ ಈಗ ಕಲಬುರಗಿಯಲ್ಲೇ ಇದೆ. ಬೈಕ್ ಮಾತ್ರ ನೀವೇ ಓಡಿಸಿಕೊಂಡು ಹೋಗಬೇಡಿ.